ಹಿಂದಿನ ಸೀಟಿನವರ ಮಾತು

ಏನನ್ನಾದರೂ ಕೊಳ್ಳುವ ಮುಂಚೆ ಈಗಾಗಲೇ ಕೊಂಡವರನ್ನು ಕೇಳಬೇಕು ಅನ್ನುವುದು ನಮ್ಮ ಕಡೆಯ ಪದ್ಧತಿ. ನಮ್ಮಪ್ಪ ತೆರಕಣಾಂಬಿ ಸಂತೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲು ಎಣಿಸಿ, ಸುಳಿ ನೋಡಿ, ಸಾಲದು ಅಂತ ಆ ಎತ್ತಿನ ಹಿಂದಿನ ಒಡೆಯನ ಊರಿಗೇ ಹೋಗಿ ವಿಚಾರಿಸಿ ಬರುತ್ತಿದ್ದರು. ನನ್ನ ಮಗನೂ ಹಾಗೇ ಮಾಡಿದ. ಹಳೆಯ ಕಾರು ಕೊಟ್ಟು ಒಂದು ಸಣ್ಣ ಎಸ್‌ಯುವಿ ತರಬೇಕೆಂದು ಕಳೆದ ವರ್ಷ ಆಷಾಢದಲ್ಲಿ ಮನಸ್ಸು ಮಾಡಿದವನು, ನಾಲ್ಕು ತಿಂಗಳು ಗುಂಡ್ಲುಪೇಟೆ, ಚಾಮರಾಜನಗರ ಎರಡೂ ಕಡೆ ಕಾರಿದ್ದವರನ್ನೆಲ್ಲ ನಿಲ್ಲಿಸಿ ಕೇಳಿದ. ಮೈಲೇಜ್ ಎಷ್ಟು, ಪಿಕಪ್ ಹೇಗೆ, ಸರ್ವೀಸಿಗೆ ಎಷ್ಟು ಬೀಳುತ್ತದೆ. ಅವನು ಕೇಳಿದವರೆಲ್ಲ ಸ್ಟೀರಿಂಗ್ ಹಿಡಿದವರೇ. ನಾನು ಅವರ ಅಮ್ಮಂದಿರನ್ನು ಕೇಳಿದೆ.

ಇದಕ್ಕೆ ಕಾರಣವಿದೆ. ನನಗೆ 68 ವರ್ಷ, ಎತ್ತರ 4 ಅಡಿ 10 ಅಂಗುಲ, ಎರಡೂ ಮಂಡಿ ಸವೆದಿವೆ. ಹಳೆಯ ಕಾರು ತಗ್ಗಾಗಿತ್ತು. ಅದರಲ್ಲಿ ಕೂರುವುದೆಂದರೆ ಬೀಳುವುದು, ಏಳುವುದೆಂದರೆ ಬಾವಿಯಿಂದ ಬರುವುದು. ಒಬ್ಬರು ಮುಂದಿನಿಂದ ಕೈ ಹಿಡಿದು ಎಳೆಯಬೇಕು, ಇನ್ನೊಬ್ಬರು ಹಿಂದಿನಿಂದ ನೂಕಬೇಕು. ಮದುವೆ ಮನೆಯ ಮುಂದೆ ನಾಲ್ಕು ಜನ ನೋಡುವಾಗ ಇದು ಚೆಂದವೇ? ಹೀಗಾಗಿ ಎರಡು ವರ್ಷದಿಂದ ಯಾರೇ ಕರೆದರೂ ನನ್ನದು ಒಂದೇ ಉತ್ತರ: ‘ನೀವು ಹೋಗಿ ಬನ್ನಿ, ಮನೆ ನೋಡಿಕೊಳ್ಳೋಕೆ ಒಬ್ಬರು ಬೇಕಲ್ಲ.’ ಚಾಮರಾಜನಗರದಲ್ಲಿ ಮಗಳ ಮನೆಯಿದೆ, ಇಲ್ಲಿಂದ ಸುಮಾರು 35 ಕಿಲೋಮೀಟರ್. ಅಲ್ಲಿಗೆ ಮಾತ್ರ ಬಸ್ಸಿನಲ್ಲಿ ಹೋಗುತ್ತಿದ್ದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಬಸ್ಸಿನ ಮೆಟ್ಟಿಲು ಎತ್ತರವೇ, ಆದರೆ ಎರಡೂ ಕಡೆ ಹಿಡಿಯಲು ಕಂಬಿಯಿದೆ. ಆದ್ದರಿಂದ ಹೊಸ ಕಾರು ಗೆಲ್ಲಬೇಕಾಗಿದ್ದುದು ಪಕ್ಕದ ಮನೆಯವರ ಕಾರನ್ನಲ್ಲ, ಈ ಪುಕ್ಕಟೆ ಬಸ್ಸನ್ನು.

ಮೊದಲು ಈ ಸಣ್ಣ ಎಸ್‌ಯುವಿ ಅಂದರೇನು ಅನ್ನುವುದನ್ನು ನನ್ನ ಮೊಮ್ಮಗಳೇ ನನಗೆ ಕಲಿಸಿದಳು. ಏಳನೇ ತರಗತಿ, ಅಳತೆ ಎಂದರೆ ಪ್ರಾಣ. ಬ್ರೆಝಾ, ನೆಕ್ಸಾನ್, ವೆನ್ಯೂ, ಸೋನೆಟ್ ಹೀಗೆ ನಾಲ್ಕೈದು ಕಾರುಗಳ ಕಾಗದ ಹರಡಿಕೊಂಡು ಕೂತವಳು, ‘ಅಜ್ಜಿ, ಎಲ್ಲಾ ಕಾರೂ 3,995 ಮಿಲಿಮೀಟರ್ ಉದ್ದ! ಕಾಪಿ ಹೊಡೆದಿದ್ದಾರೆ’ ಅಂದಳು. ಕಾಪಿ ಅಲ್ಲವಂತೆ. 2006ರ ಕೇಂದ್ರ ಬಜೆಟ್‌ನಲ್ಲಿ ಸಣ್ಣ ಕಾರಿಗೆ ಒಂದು ಅಳತೆ ಕಟ್ಟಿದರು: ಉದ್ದ 4,000 ಮಿಲಿಮೀಟರ್ ಮೀರಬಾರದು, ಪೆಟ್ರೋಲ್ ಎಂಜಿನ್ 1,200 ಸಿಸಿ, ಡೀಸೆಲ್ ಎಂಜಿನ್ 1,500 ಸಿಸಿ ಮೀರಬಾರದು. ಅದರೊಳಗಿದ್ದರೆ ಅಬಕಾರಿ ಸುಂಕ ಶೇ 24ರಿಂದ 16ಕ್ಕೆ ಇಳಿಯಿತು. ಅಂದಿನಿಂದ ಕಾರಿನ ಮೂತಿ, ಬೆನ್ನು ಎರಡನ್ನೂ ಕತ್ತರಿಸಿ ಕತ್ತರಿಸಿ ನಾಲ್ಕು ಮೀಟರಿನೊಳಗೆ ತುರುಕುವುದೇ ಒಂದು ವಿದ್ಯೆಯಾಯಿತು. ಗೆರೆಗೆ ಐದೇ ಐದು ಮಿಲಿಮೀಟರ್ ಉಳಿಸಿ ನಿಲ್ಲಿಸುತ್ತಾರೆ. ಸ್ಕೇಲಿನಲ್ಲಿ ಐದು ಮಿಲಿಮೀಟರ್ ಎಷ್ಟು ಅಂತ ನೋಡಿ ಮಕ್ಕಳೇ, ಒಂದು ಕಡಲೆಕಾಳಿನಷ್ಟೂ ಇಲ್ಲ.

ಕಳೆದ ವರ್ಷ ಈ ಗೆರೆ ಇನ್ನೂ ದಪ್ಪವಾಯಿತು. ಆಗಸ್ಟ್ 15ರಂದು ಜಿಎಸ್‌ಟಿ ಇಳಿಯುವ ಮಾತು ಬಂದದ್ದೇ ತಡ, ಮಗನಿಗೆ ಎಲ್ಲರೂ ‘ಕಾಯಿ’ ಎಂದರು. ಸೆಪ್ಟೆಂಬರ್ 22ರಿಂದ ಈ ಅಳತೆಯೊಳಗಿನ ಕಾರಿಗೆ ಶೇ 18, ಅಳತೆ ಮೀರಿದ್ದಕ್ಕೆ ಶೇ 40. ಉದ್ದ ಕಡಿಮೆಯಿದ್ದರೆ ಸಾಲದು, ಎಂಜಿನ್ನೂ ಒಳಗಿರಬೇಕು. ನಾಲ್ಕು ಮೀಟರಿಗಿಂತ ಚಿಕ್ಕದಾಗಿದ್ದೂ ಎಂಜಿನ್ 1,200 ಸಿಸಿ ದಾಟಿದ ಪೆಟ್ರೋಲ್ ಕಾರು ಶೇ 40ಕ್ಕೇ ಸೇರುತ್ತದೆ. ನಮ್ಮ ಮನೆಯಲ್ಲಿ ದೀಪಾವಳಿವರೆಗೆ ಕಾಯ್ದರು. ಆ ಕಾಯುವ ಕಾಲದಲ್ಲೇ ನನ್ನ ವಿಚಾರಣೆ ನಡೆದದ್ದು.

ಮೊದಲ ಸಾಕ್ಷಿ ನಮ್ಮ ಬೀದಿಯ ಹೂವಿನ ವ್ಯಾಪಾರಿಯ ತಾಯಿ. ಗುಂಡ್ಲುಪೇಟೆ ಸುತ್ತ ಮಳೆ ಬಿದ್ದ ಮೇಲೆ ಚೆಂಡುಹೂವು, ಸೂರ್ಯಕಾಂತಿ ಅರಳಿ ನಿಲ್ಲುವುದನ್ನು ನೋಡಲು ಊರೂರಿನವರು ಬರುತ್ತಾರಲ್ಲ, ಆ ಹೊಲಗಳಿಗೆ ಈತ ದಿನಾ ಹೋಗುವವನು. ಅವನು ನನ್ನ ಮಗನಿಗೆ ಹೇಳಿದ್ದು ಒಂದೇ: ‘ಗ್ರೌಂಡ್ ಕ್ಲಿಯರೆನ್ಸ್ ನೋಡಣ್ಣ, ಮಿಕ್ಕಿದ್ದೆಲ್ಲ ಬುಡು.’ ನೆಲಕ್ಕೂ ಕಾರಿನ ಹೊಟ್ಟೆಗೂ ನಡುವಿನ ಅಂತರ ಅದು. ಕಂಪನಿಗಳ ಲೆಕ್ಕದಲ್ಲಿ ಬ್ರೆಝಾಗೆ 198 ಮಿಲಿಮೀಟರ್, ನೆಕ್ಸಾನ್‌ಗೆ 208. ಹೊಲದ ದಾರಿಯ ನಡುವೆ ಗಟ್ಟಿ ದಿಬ್ಬ ಎದ್ದಿರುತ್ತದೆ, ತಗ್ಗಿನ ಕಾರಾದರೆ ಹೊಟ್ಟೆ ಉಜ್ಜುತ್ತದೆ. ಅವನ ಮಾತು ಅವನ ದಾರಿಗೆ ಸರಿ. ಅವನ ತಾಯಿಯನ್ನು ಕೇಳಿದರೆ, ‘ಎತ್ತರವಾಗದ ಕನವ್ವ, ಆದ್ರ ನಾನು ಕೂರೋದು ಚೀಲದ ಪಕ್ಕ’ ಅಂದರು. ಹಿಂದಿನ ಸೀಟಿನ ಒಂದು ಪಾಲು ಮಡಚಿ ಹೂವಿನ ಚೀಲ ತುಂಬಿರುತ್ತಾನೆ, ಉಳಿದ ಪಾಲಿನಲ್ಲಿ ತಾಯಿ. ‘ಚೀಲ ತುಂಬಿದ ದಿನ ಹಿಂಬದಿ ಬಗ್ಗಿ, ಹಂಪ್ ಬಂದಾಗ ದಡ್ ಅಂತದ’ ಎಂದೂ ಸೇರಿಸಿದರು. ಇದು ಒಳ್ಳೆಯ ಮಾತು. ಕಾರಿನಲ್ಲಿ ಐದು ಜನ ಕೂತು, ಡಿಕ್ಕಿಯಲ್ಲಿ ಅಕ್ಕಿ ಮೂಟೆ ಇಟ್ಟ ಮೇಲೆ ಸ್ಪ್ರಿಂಗ್ ಕುಗ್ಗಿ ಕಾರು ಇಳಿಯುತ್ತದೆ. ಕಾಗದದಲ್ಲಿರುವ 200 ಮಿಲಿಮೀಟರ್ ಅಷ್ಟೇ ಉಳಿಯುವುದಿಲ್ಲ.

ಎರಡನೆಯ ಮನೆ ಚಾಮರಾಜನಗರದಲ್ಲಿ, ಮಗಳ ಮನೆ ಪಕ್ಕದ ಮೇಷ್ಟ್ರು ದಂಪತಿ. ಅವರದು ಡೀಸೆಲ್. ಹೈವೇಯಲ್ಲಿ ಬಹಳ ಚೆನ್ನಾಗಿದೆಯಂತೆ, ಆದರೆ ಆಗಾಗ ಮುಂದೆ ಒಂದು ಹಳದಿ ದೀಪ ಹತ್ತಿ ಹೆದರಿಸುತ್ತದಂತೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ನಿಯಮಕ್ಕಾಗಿ ಡೀಸೆಲ್ ಕಾರಿನ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಒಂದು ಜಾಲರಿ ಇಡುತ್ತಾರೆ, ಡಿಪಿಎಫ್ ಎನ್ನುತ್ತಾರೆ. ಆ ಮಸಿ ಸುಟ್ಟು ಹೋಗಬೇಕಾದರೆ ಕೊಳವೆ ಚೆನ್ನಾಗಿ ಕಾಯಬೇಕು, ಅದಕ್ಕೆ ಒಂದಿಷ್ಟು ಹೊತ್ತು ಒಂದೇ ವೇಗದಲ್ಲಿ ಓಡಬೇಕು. ಮನೆಯಿಂದ ಶಾಲೆ, ಶಾಲೆಯಿಂದ ಮನೆ ಅಂತ ಎರಡೆರಡು ಕಿಲೋಮೀಟರ್ ಓಡಿಸಿದರೆ ಒಲೆ ಕಾಯುವ ಮುಂಚೆಯೇ ಆರಿಸಿದಂತೆ. ಮೇಷ್ಟ್ರು ಈಗ ಭಾನುವಾರ ಬಂತೆಂದರೆ ಹೆಂಡತಿ, ತಾಯಿಯನ್ನು ಕೂರಿಸಿಕೊಂಡು ಮೈಸೂರಿನ ಕಡೆಗೆ ಸುಮ್ಮನೆ ಹೋಗಿ ಬರುತ್ತಾರೆ. ತಾಯಿಗೆ ಬಲು ಸಂತೋಷ. ‘ಆ ದೀಪ ಹತ್ತಲಿ ಅಂತ ಕಾಯ್ತೀನಿ’ ಅಂದರು!

ಕರೆಂಟ್ ಕಾರಿನವರೂ ಒಬ್ಬರಿದ್ದರು. ಸದ್ದಿಲ್ಲ, ಹೊಗೆಯಿಲ್ಲ, ಮನೆಯಲ್ಲೇ ಚಾರ್ಜ್, ದಿನಾ ಮೈಸೂರಿಗೆ ಹೋಗಿ ಬರುವವರಿಗೆ ಉಳಿತಾಯವೂ ಹೌದು. ಯಜಮಾನರು ಹೊಗಳಿದ್ದೇ ಹೊಗಳಿದ್ದು. ಹಿಂದೆ ಕೂರುವ ಅತ್ತೆಯವರು ಬೇರೆ ಹೇಳಿದರು: ನೆಲ ಎತ್ತರ, ಮಂಡಿ ಮೇಲೆದ್ದು ಕುಕ್ಕರುಗಾಲಲ್ಲಿ ಕೂತ ಹಾಗಾಗುತ್ತದೆ. ಪೆಟ್ರೋಲಿಗೆಂದು ಮಾಡಿದ ಕಾರಿನ ತಳದಲ್ಲೇ ಬ್ಯಾಟರಿ ಹಾಸಿದರೆ ಕೆಲವು ಕಾರುಗಳಲ್ಲಿ ಹೀಗಾಗುತ್ತದೆ, ತೊಡೆಯ ಅಡಿಗೆ ಆಸರೆ ಸಿಗುವುದಿಲ್ಲ. ಹತ್ತು ನಿಮಿಷ ಕೂತರೆ ಗೊತ್ತಾಗುವುದಿಲ್ಲ, ಒಂದು ಗಂಟೆ ಕೂತರೆ ಗೊತ್ತಾಗುತ್ತದೆ.

ಮಕ್ಕಳ ಸಾಕ್ಷಿಯನ್ನೂ ತೆಗೆದುಕೊಂಡೆ. ನಾಲ್ಕನೇ ತರಗತಿಯ ನನ್ನ ಮೊಮ್ಮಗನಿಗೆ ಹಳೆಯ ಕಾರಿನಲ್ಲಿ ಒಮ್ಮೆಯೂ ವಾಂತಿಯಾಗಿರಲಿಲ್ಲ. ನೆಂಟರ ಎಸ್‌ಯುವಿಯಲ್ಲಿ ಮೈಸೂರಿಗೆ ಹೋದಾಗ ಎರಡು ಸಲ ನಿಲ್ಲಿಸಬೇಕಾಯಿತು. ಆ ಮನೆಯ ಮಗುವಿಗೂ ಹಾಗೇ ಅಂತೆ. ಕಾರು ಎತ್ತರವಾದಷ್ಟೂ ತಿರುವಿನಲ್ಲಿ ಮೈ ವಾಲುವುದು ಹೆಚ್ಚು, ಇದೊಂದು ಕಾರಣ. ಇನ್ನೊಂದನ್ನು ನಾನು ಹಿಂದೆ ಕೂತೇ ಕಂಡುಹಿಡಿದೆ. ಈಗಿನ ಕಾರುಗಳಿಗೆ ಚೆಂದಕ್ಕೆಂದು ಹಿಂದಿನ ಕಿಟಕಿಯನ್ನು ಮೇಲಕ್ಕೆ ಎತ್ತಿ ಸಣ್ಣದು ಮಾಡುತ್ತಾರೆ. ದೊಡ್ಡವರಿಗೆ ಹೊರಗಿನದು ಕಾಣುತ್ತದೆ, ಒಂಬತ್ತು ವರ್ಷದವನಿಗೆ ಬರೀ ಆಕಾಶ ಕಾಣುತ್ತದೆ. ಕಿವಿಯೊಳಗಿನ ತೂಕದ ಅಂಗ ‘ಓಡುತ್ತಿದ್ದೇವೆ’ ಅನ್ನುತ್ತದೆ, ಕಣ್ಣು ‘ಇಲ್ಲ, ಕೂತಿದ್ದೇವೆ’ ಅನ್ನುತ್ತದೆ. ಇಬ್ಬರ ಜಗಳದಲ್ಲಿ ಹೊಟ್ಟೆಗೆ ಸಂಕಟ. ಕೈಗೆ ಮೊಬೈಲು ಕೊಟ್ಟರೆ ಜಗಳ ಇನ್ನೂ ಜೋರು. ದೂರದ ಬೆಟ್ಟ ನೋಡುತ್ತಾ ಕೂತರೆ ಎಷ್ಟೋ ವಾಸಿ. ಆದರೆ ಬೆಟ್ಟ ನೋಡಬೇಕಾದರೆ ಕಿಟಕಿ ತಗ್ಗಿರಬೇಕಲ್ಲ! ಬಂಡೀಪುರದ ದಾರಿಯಲ್ಲಿ ಅಪ್ಪನಿಗೆ ಮಾತ್ರ ಜಿಂಕೆ ಕಂಡು ಮಗನಿಗೆ ಕಾಣದಿದ್ದರೆ ಆ ಕಾರು ಯಾರಿಗಾಗಿ ತಂದದ್ದು?

ಅದೇ ಮೊಮ್ಮಗನ ಒಂದೇ ಬೇಡಿಕೆ ಸನ್‌ರೂಫ್. ಸ್ನೇಹಿತನ ಕಾರಿನಲ್ಲಿದೆ, ಅದರಲ್ಲಿ ತಲೆ ಹೊರಗೆ ಹಾಕಿ ನಿಂತು ಹೋಗಬಹುದು. ಈ ವಿಷಯದಲ್ಲಿ ನಾನು ಕೊಂಚ ಕಟ್ಟುನಿಟ್ಟು. ಓಡುವ ಕಾರಿನಲ್ಲಿ ಮಗುವನ್ನು ಹಾಗೆ ನಿಲ್ಲಿಸುವುದನ್ನು ನೋಡಿದರೆ ನನಗೆ ಎದೆ ಝಲ್ಲೆನ್ನುತ್ತದೆ. ಒಂದು ನಾಯಿ ಅಡ್ಡ ಬಂದು ಬ್ರೇಕ್ ಒತ್ತಿದರೆ ಮಗುವಿನ ಎದೆ ತಗಡಿನ ಅಂಚಿಗೆ ಬಡಿಯುತ್ತದೆ. ಅದೂ ಅಲ್ಲದೆ, ಸನ್‌ರೂಫಿನ ಚೌಕಟ್ಟು ಒಳಗಿನ ಚಾವಣಿಯನ್ನು ಒಂದಿಷ್ಟು ಕೆಳಕ್ಕೆ ತರುತ್ತದೆ, ಎತ್ತರದವರ ತಲೆಗೆ ತಾಗುತ್ತದೆ. ನಮ್ಮ ಚಾಮರಾಜನಗರದ ಏಪ್ರಿಲ್ ಬಿಸಿಲಿಗೆ ಗಾಜಿನ ಚಾವಣಿ ಯಾಕೆ ಎಂದು ನಮ್ಮ ಯಜಮಾನರೂ ನನ್ನ ಪಕ್ಷ ಸೇರಿದರು. ಮೊಮ್ಮಗ ಮೂರು ದಿನ ಮಾತು ಬಿಟ್ಟ.

ಇನ್ನು ನನ್ನ ಮಂಡಿ. ಎಸ್‌ಯುವಿ ಎತ್ತರ, ಆದ್ದರಿಂದ ವಯಸ್ಸಾದವರಿಗೆ ಅನುಕೂಲ ಎಂದು ಎಲ್ಲರೂ ಹೇಳುತ್ತಾರೆ. ಪೂರ್ತಿ ನಿಜವಲ್ಲ. ಸೀಟು ನಿಂತವರ ಸೊಂಟದ ಮಟ್ಟಕ್ಕಿದ್ದರೆ ಹಾಗೇ ಜಾರಿ ಕೂರಬಹುದು, ಬೀಳಬೇಕಿಲ್ಲ, ಹತ್ತಬೇಕಿಲ್ಲ. ಐದೂವರೆ ಅಡಿಯವರಿಗೆ ಸರಿಹೋಗುವ ಸೀಟು ನನಗೆ ಒಂದು ಗೇಣು ಮೇಲಾಗುತ್ತದೆ. ಮೊಮ್ಮಗಳು ಟೇಪು ಹಿಡಿದು, ಸಿಕ್ಕ ಕಾರಿನದೆಲ್ಲ ಮೂರು ಅಳತೆ ತೆಗೆದಳು: ನೆಲದಿಂದ ಸೀಟಿಗೆ, ನೆಲದಿಂದ ಬಾಗಿಲಿನ ಹೊಸ್ತಿಲಿಗೆ, ಹೊಸ್ತಿಲಿನಿಂದ ಸೀಟಿನ ಅಂಚಿಗೆ. ಮೂರನೆಯದೇ ಮುಖ್ಯ ಎಂದು ಗೊತ್ತಾದದ್ದು ಆಮೇಲೆ. ಹೊಸ್ತಿಲು ಅಗಲವಾಗಿದ್ದರೆ ಕಾಲು ನೆಲದ ಮೇಲಿಟ್ಟು ಕೂರಲಾಗದು, ಸೀಟು ದೂರ ಹೋಗಿಬಿಡುತ್ತದೆ, ಸೀರೆಯ ನೆರಿಗೆಗೆ ಧೂಳು ಬೇರೆ. ಬಾಗಿಲು ಎಷ್ಟು ಅಗಲ ತೆರೆಯುತ್ತದೆ, ಮೇಲೆ ಹಿಡಿ ಇದೆಯೇ ಅನ್ನುವುದೂ ನೋಡಬೇಕು. ಕೂರುವ ಕ್ರಮ ಮಂಡಿ ಆಪರೇಷನ್ ಆದ ನನ್ನ ನಾದಿನಿ ಕಲಿಸಿದ್ದು: ಕಾರಿಗೆ ಬೆನ್ನು ಮಾಡಿ ನಿಲ್ಲು, ಮೊದಲು ಕೂರು, ಆಮೇಲೆ ಎರಡೂ ಕಾಲು ಜೋಡಿಸಿ ಒಳಗೆ ತಿರುಗಿಸು. ಇಳಿಯುವಾಗ ಇದೇ ಕ್ರಮ ತಿರುಗಾಮುರುಗ. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ಮಂಡಿ ತಿರುಚುವುದೇ ನೋವಿಗೆ ಮೂಲ.

ಮೈಸೂರಿನ ಶೋರೂಮಿಗೆ ಹೋದ ದಿನ ಅಲ್ಲಿನ ಹುಡುಗ ನನಗೆ ಮುಂದಿನ ಬಾಗಿಲು ತೆರೆದ. ಹಿಂದೆ ಕೂರುತ್ತೇನೆ, ಅದೂ ನಡುವೆ, ಅಂದೆ. ಅವನಿಗೆ ಗಾಬರಿ. ನಡುವೆ ಯಾರೂ ಕೂತು ನೋಡುವುದಿಲ್ಲವಂತೆ. ಕಾರು ಅಗಲ 1,800 ಮಿಲಿಮೀಟರಿನ ಆಸುಪಾಸು, ಅದರಲ್ಲಿ ಬಾಗಿಲುಗಳ ದಪ್ಪ ಕಳೆದರೆ ಮೂರು ಜನ ದೊಡ್ಡವರಿಗೆ ಹೆಗಲಿಗೆ ಹೆಗಲು. ಹಿಂದಿನವರಿಗೆ ಎಸಿ ಗಾಳಿ ಬರಲೆಂದು ನಡುವೆ ಒಂದು ಪೆಟ್ಟಿಗೆ ಚಾಚಿಕೊಂಡಿರುತ್ತದೆ, ನಡುವೆ ಕೂತವರ ಕಾಲು ಅದರ ಎರಡೂ ಬದಿಗೆ ಹಂಚಬೇಕು. ನಡುವಿನ ಜಾಗ ಮೊಮ್ಮಗಳಿಗೆ ಎಂದು ಅಲ್ಲೇ ತೀರ್ಮಾನವಾಯಿತು. ಇನ್ನೊಂದು ಕೇಳಿಕೊಂಡೆ: ಚೆನ್ನಾದ ರಿಂಗ್ ರಸ್ತೆ ಬೇಡ, ಹಂಪ್ ಇರುವ ಹಳ್ಳಿ ದಾರಿಯಲ್ಲಿ ಐದು ಜನ ಕೂರಿಸಿಕೊಂಡು ಓಡಿಸಿ ತೋರಿಸಪ್ಪ. ಪಾಪ, ತೋರಿಸಿದ. ಎರಡು ಕಾರುಗಳನ್ನು ಅದೇ ದಾರಿಯಲ್ಲಿ ಓಡಿಸಿದಾಗ ಮಗನಿಗೆ ವ್ಯತ್ಯಾಸ ತಿಳಿಯಲಿಲ್ಲ. ಹಿಂದೆ ಕೂತ ನಮ್ಮ ಸೊಂಟಕ್ಕೆ ತಿಳಿಯಿತು.

ಕಾರಿಗೆ ಸ್ಟಾರ್ ಕೊಡುತ್ತಾರೆ ಎಂದು ಮಕ್ಕಳಿಗೂ ಗೊತ್ತು. ಡಿಕ್ಕಿ ಹೊಡೆಸಿ ನೋಡಿ ಕೊಡುವ ಅಂಕ ಅದು. ನಮ್ಮ ದೇಶದ್ದೇ ಆದ ಭಾರತ್ ಎನ್‌ಸಿಎಪಿ 2023ರ ಅಕ್ಟೋಬರ್‌ನಿಂದ ಶುರುವಾಗಿದೆ. ಜಾಹೀರಾತಿನವರು ಅಷ್ಟಾಗಿ ಹೇಳದ ಮಾತೆಂದರೆ, ಸ್ಟಾರ್ ಎರಡು ಬಗೆ: ದೊಡ್ಡವರ ರಕ್ಷಣೆಗೆ ಬೇರೆ, ಮಕ್ಕಳ ರಕ್ಷಣೆಗೆ ಬೇರೆ. 2018ರ ಡಿಸೆಂಬರ್‌ನಲ್ಲಿ ಗ್ಲೋಬಲ್ ಎನ್‌ಸಿಎಪಿಯಲ್ಲಿ ನೆಕ್ಸಾನ್ ಐದು ಸ್ಟಾರ್ ಪಡೆದ ಮೊದಲ ಭಾರತೀಯ ಕಾರಾದಾಗ ದೇಶವೆಲ್ಲ ಹಿಗ್ಗಿತು, ಅದು ದೊಡ್ಡವರ ಅಂಕ. ಮಕ್ಕಳ ಅಂಕ ಆಗ ಮೂರೇ ಇತ್ತು. ಮುಂದೆ ಸುಧಾರಿಸಿದ ಕಾರಿಗೆ ಎರಡರಲ್ಲೂ ಐದು ಬಂತು. ಹಾಗಾಗಿ ಅಜ್ಜ ಅಜ್ಜಿಯರು ಕೇಳುವುದಾದರೆ ‘ಮಕ್ಕಳ ಸ್ಟಾರ್ ಎಷ್ಟು’ ಎಂದೇ ಕೇಳಬೇಕು.

ಎಷ್ಟು ಸ್ಟಾರ್ ಇದ್ದರೇನು, ಬೆಲ್ಟ್ ಹಾಕದಿದ್ದರೆ? ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕುವುದೆಂದರೆ ನಮ್ಮ ಕಡೆ ಇನ್ನೂ ನಗುತ್ತಾರೆ. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ಅಪಘಾತದಲ್ಲಿ ತೀರಿಕೊಂಡರಲ್ಲ, ಅವರು ಕೂತಿದ್ದದ್ದು ದುಬಾರಿ ಕಾರಿನ ಹಿಂದಿನ ಸೀಟಿನಲ್ಲಿ, ಬೆಲ್ಟ್ ಹಾಕಿರಲಿಲ್ಲ ಎಂದು ಪೊಲೀಸರು ಹೇಳಿದರು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇರಲೇಬೇಕು, ಇಲ್ಲದಿದ್ದರೆ ಓಡಿಸುವವರಿಗೆ ದಂಡ. ತೊಡೆಯ ಮೇಲೆ ಕೂರಿಸಿಕೊಂಡು ಅಪ್ಪಿ ಹಿಡಿದರೆ ಸಾಕು ಎಂದುಕೊಳ್ಳುವ ನನ್ನಂಥವರಿಗೆ ಒಂದು ಮಾತು: ಡಿಕ್ಕಿಯಾದ ಕ್ಷಣದಲ್ಲಿ ಮಗುವಿನ ತೂಕ ಎಷ್ಟೋ ಪಟ್ಟು ಹೆಚ್ಚಿದಂತಾಗುತ್ತದೆ, ಯಾರ ತೋಳಿಗೂ ಅದನ್ನು ತಡೆಯುವ ಶಕ್ತಿಯಿಲ್ಲ.

ದುಡ್ಡಿನ ವಿಷಯ ಚುಟುಕಾಗಿ. ಕರ್ನಾಟಕದಲ್ಲಿ ಕಾರಿನ ಬೆಲೆ 5ರಿಂದ 10 ಲಕ್ಷದೊಳಗಿದ್ದರೆ ಜೀವಿತಾವಧಿ ರಸ್ತೆ ತೆರಿಗೆ ಶೇ 14, ಹತ್ತು ದಾಟಿದರೆ ಶೇ 17, ಅದರ ಮೇಲೆ ಸೆಸ್ ಬೇರೆ. ಮಕ್ಕಳು ಲೆಕ್ಕ ಹಾಕಲಿ: 9,90,000ಕ್ಕೆ ಶೇ 14 ಅಂದರೆ 1,38,600. 10,10,000ಕ್ಕೆ ಶೇ 17 ಅಂದರೆ 1,71,700. ಇಪ್ಪತ್ತು ಸಾವಿರದ ದೊಡ್ಡ ಟಿವಿ ಪರದೆಗೆಂದು ಗೆರೆ ದಾಟಿದರೆ ತೆರಿಗೆಯೇ 33,100 ಹೆಚ್ಚು. ಮಗ ಗೆರೆಯ ಈಚೆಗೇ ನಿಂತ. ಯಾವ ಕಾರು ತಂದೆವು ಅಂತ ಇಲ್ಲಿ ಬರೆದರೆ ಜಾಹೀರಾತಾಗುತ್ತದೆ, ಅದೂ ಅಲ್ಲದೆ ನಮ್ಮ ಮಂಡಿಗೆ ಒಪ್ಪಿದ್ದು ನಿಮ್ಮ ಮಂಡಿಗೆ ಒಪ್ಪಬೇಕೆಂದೇನೂ ಇಲ್ಲ. ಬೂದು ಬಣ್ಣದ್ದು, ಕಿಟಕಿ ದೊಡ್ಡದು, ಸನ್‌ರೂಫ್ ಇಲ್ಲ ಅಷ್ಟು ಹೇಳಬಹುದು.

ಬಂದ ವಾರವೇ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೊರಟೆವು. ಬೆಟ್ಟಕ್ಕೆಂದೇ ಹುಟ್ಟಿದ ಗಾಡಿಯಂತೆ ಮಗ ಮೀಸೆ ತಿರುವುತ್ತಿದ್ದ. 1,454 ಮೀಟರ್ ಎತ್ತರದ ಆ ಬೆಟ್ಟದ ತಪ್ಪಲಲ್ಲಿ ಖಾಸಗಿ ವಾಹನ ನಿಲ್ಲಿಸಿ, ಮೇಲಕ್ಕೆ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲೇ ಹೋಗಬೇಕು ಅನ್ನುವುದು ಗುಂಡ್ಲುಪೇಟೆಯ ಎಲ್ಲರಿಗೂ ಗೊತ್ತು, ಅವನಿಗೂ ಗೊತ್ತು. ಆದರೂ ಹೊಸ ಕಾರನ್ನು ಕೆಳಗೆ ಬಿಟ್ಟು ಬಸ್ಸು ಹತ್ತುವಾಗ ಅವನ ಮುಖ ನೋಡಬೇಕಿತ್ತು. ನಾನು ಕಂಬಿ ಹಿಡಿದು ಸಲೀಸಾಗಿ ಹತ್ತಿದೆ.

ಮಲೆ ಮಹದೇಶ್ವರ ಬೆಟ್ಟಕ್ಕೆ ಹೋದಾಗ ನಿಜವಾದ ಪರೀಕ್ಷೆ. ತಾಳಬೆಟ್ಟದಿಂದ ಮೇಲೆ ತಿರುವಿನ ಮೇಲೆ ತಿರುವು. ನಮ್ಮ ಯಜಮಾನರು ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವರು, ಅವರ ಬಾಯಿಗೆ ಬೀಗವಿಲ್ಲ. ‘ಯಾವ ಗೇರಲ್ಲಿ ಹತ್ತಿದೆಯೋ ಅದೇ ಗೇರಲ್ಲಿ ಇಳಿ’ ಎಂಬುದು ಅವರ ಮಂತ್ರ. ಇಳಿಜಾರಿನಲ್ಲಿ ಬ್ರೇಕನ್ನೇ ಒತ್ತುತ್ತಾ ಹೋದರೆ ಅದು ಕಾದು, ಸುಟ್ಟ ವಾಸನೆ ಬಂದು, ಕೊನೆಗೆ ಹಿಡಿಯುವುದೇ ಇಲ್ಲ. ಕೆಳಗಿನ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ಮಸಿನಗುಡಿಯಿಂದ ಊಟಿಗೆ ಹೋಗುವ ಕಲ್ಹಟ್ಟಿ ಘಾಟಿಯ 36 ಹೇರ್‌ಪಿನ್ ತಿರುವುಗಳಲ್ಲಿ ಬ್ರೇಕ್ ಸೋತ ಗಾಡಿಗಳ ಕತೆ ಅವರ ಹತ್ತಿರ ಬೇಕಾದಷ್ಟಿವೆ. ಅಂದಹಾಗೆ, ಎಸ್‌ಯುವಿ ಎಂದ ಮಾತ್ರಕ್ಕೆ ನಾಲ್ಕೂ ಚಕ್ರಕ್ಕೆ ಶಕ್ತಿ ಇರುತ್ತದೆ ಎಂದು ನಾನು ತಿಳಿದಿದ್ದೆ. ಈ ಸಣ್ಣವುಗಳಲ್ಲಿ ಬಹುತೇಕ ಎಲ್ಲಕ್ಕೂ ಮುಂದಿನ ಎರಡು ಚಕ್ರ ಮಾತ್ರ ಎಳೆಯುವುದು. ಕೆಸರಿನ ಗದ್ದೆಗೆ ಇಳಿಸಿದರೆ ಟ್ರ್ಯಾಕ್ಟರ್ ಕರೆಯಬೇಕು.

ಕಾಡಿನ ದಾರಿಗೆ ಎಂಥ ಕಾರಾದರೂ ಒಂದೇ. ಗುಂಡ್ಲುಪೇಟೆಯಿಂದ ಕೇರಳದ ಕಡೆಗೂ ಊಟಿಯ ಕಡೆಗೂ ಬಂಡೀಪುರದ ನಡುವೆ ಹೋಗುವ ರಸ್ತೆಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ಬಂದ್. ಹಗಲಲ್ಲೂ ಹಂಪ್‌ಗಳಿವೆ, ಹಾರ್ನ್ ಹೊಡೆಯಬಾರದು, ಇಳಿಯಬಾರದು, ಕೋತಿಗೆ ಬಾಳೆಹಣ್ಣು ಎಸೆಯಬಾರದು. ಅಲ್ಲಿ ಮೊಮ್ಮಗನಿಗೆ ತನ್ನ ಕಿಟಕಿಯಿಂದಲೇ ಆನೆಯ ಬೆನ್ನು ಕಂಡಿತು. ಸನ್‌ರೂಫ್ ಮಾತು ಆಮೇಲೆ ಎತ್ತಿಲ್ಲ.

ಎತ್ತರದ ಕಾರಿನಲ್ಲಿ ಒಂದು ತೊಂದರೆಯಿದೆ, ಅದನ್ನು ಸೊಸೆ ಕಂಡುಕೊಂಡಳು. ಬಾನೆಟ್ ಎತ್ತರವಾದ್ದರಿಂದ ಮುಂದೆ ಹತ್ತಿರದಲ್ಲಿ ನಿಂತ ಪುಟ್ಟ ಮಗು ಓಡಿಸುವವರಿಗೆ ಕಾಣುವುದೇ ಇಲ್ಲ. ಹಿಂದಕ್ಕೆ ಕ್ಯಾಮೆರಾ ಉಂಟು, ಮುಂದಕ್ಕೆ ಇಲ್ಲ. ಅದಕ್ಕೇ ನಮ್ಮ ಮನೆಯ ನಿಯಮ: ಕಾರು ಶುರುವಾಗುವ ಮುಂಚೆ ಬೀದಿಯ ಮಕ್ಕಳೆಲ್ಲ ನಮ್ಮ ಜಗಲಿಯ ಮೇಲೆ ನಿಂತು ಎಣಿಕೆ ಕೊಡಬೇಕು. ಮಕ್ಕಳಿಗೆ ಅದೇ ಒಂದು ಆಟವಾಗಿದೆ.

ಮೈಲೇಜಿನ ಬಗ್ಗೆ ಮಾಲೀಕರು ಹೇಳುವುದನ್ನು ನಾನು ನಂಬುವುದಿಲ್ಲ, ಎಲ್ಲರೂ ತಮ್ಮ ಮಕ್ಕಳ ಅಂಕದ ಹಾಗೆ ಎರಡು ಸೇರಿಸಿಯೇ ಹೇಳುತ್ತಾರೆ. ಮೊಮ್ಮಗಳು ನೋಟ್‌ಬುಕ್ ಇಟ್ಟಿದ್ದಾಳೆ. ಪಂಪು ತಾನಾಗಿ ನಿಲ್ಲುವವರೆಗೆ ಟ್ಯಾಂಕ್ ತುಂಬಿಸಿ ಟ್ರಿಪ್ ಮೀಟರ್ ಸೊನ್ನೆ ಮಾಡುವುದು. ಓಡಿಸಿ, ಮತ್ತೆ ಹಾಗೇ ತುಂಬಿಸುವುದು. 513 ಕಿಲೋಮೀಟರಿಗೆ 34.2 ಲೀಟರ್ ಹಿಡಿದರೆ ಲೀಟರಿಗೆ ಎಷ್ಟು? ಭಾಗಿಸಿ ನೋಡಿ. ಮಗ ಎಲ್ಲರಿಗೂ 18 ಅನ್ನುತ್ತಾನೆ.

ಕೊನೆಯ ಲೆಕ್ಕವೊಂದು ಉಳಿದೇ ಇತ್ತು. ನಾವು ಆರು ಜನ, ಸೀಟು ಐದು. ಮೂರು ಸಾಲಿನ ಕಾರು ತರೋಣವೆಂದರೆ ಹಿಂದಿನ ಸಾಲಿಗೆ ಸೀಟು ಮಡಚಿ ನುಸುಳಬೇಕು, ಅದು ನನ್ನ ಕೈಲಾಗದು. ಮಗುವನ್ನು ತೊಡೆಯ ಮೇಲೆ ಕೂರಿಸಲು ನಾನು ಬಿಡುವುದಿಲ್ಲ. ಹಾಗಾದರೆ ಪ್ರತಿ ಸಲ ಉಳಿಯುವವರು ಯಾರು? ‘ಅಮ್ಮನಿಗೆ ಹೇಗೂ ಮಂಡಿ ನೋವು’ ಎಂದು ಮಗ ಶುರು ಮಾಡುವಷ್ಟರಲ್ಲಿ ಸೊಸೆ ಕ್ಯಾಲೆಂಡರಿನಲ್ಲಿ ಸರದಿ ಬರೆದುಬಿಟ್ಟಳು. ಮಕ್ಕಳಿಬ್ಬರನ್ನು ಬಿಟ್ಟು ದೊಡ್ಡವರು ನಾಲ್ಕೂ ಜನಕ್ಕೆ ಸರದಿ. ಉಳಿದವರು ಬೇಕಿದ್ದರೆ ಬಸ್ಸಿನಲ್ಲಿ ಬರಬಹುದು, ಗಂಡಸರಾದರೆ ಟಿಕೆಟ್ ತೆಗೆದುಕೊಂಡು.

ಕಳೆದ ಭಾನುವಾರ ಚಾಮರಾಜನಗರಕ್ಕೆ ಹೋಗುವಾಗ ಸರದಿ ಮಗನದ್ದು. ಸೊಸೆ ಓಡಿಸಿದಳು, ಯಜಮಾನರು ಪಕ್ಕದಲ್ಲಿ ಕೂತು ಗೇರ್ ಹೇಳಿದರು, ನಾನು ಎಡ ಕಿಟಕಿಗೆ. ತೆರಕಣಾಂಬಿ ದಾಟುವಷ್ಟರಲ್ಲಿ ಮೂರು ಸಲ ಫೋನ್ ಬಂತು, ಟೈರಿನ ಗಾಳಿ ನೋಡಿದಳಾ ಅಂತ. ನೋಡಿದ್ದಳು.